ವರ್ಗೀಕರಣದಲ್ಲಿ ಗುಂಪುಗಳ ಸಂಖ್ಯಾನಿರ್ಣಯ: ಒಂದು ಚಾರಿತ್ರಿಕ ವಿವೇಚನೆ

೧. ಪ್ರಸ್ತಾವನೆ

ವರ್ಗೀಕರಣದ ನೆರವಿಲ್ಲದೆ ಇತಿಹಾಸಕಾರನು ಒಂದು ಹೆಜ್ಜೆಯನ್ನೂ ಮುಂದಿಡಲಾರನು. ಶಾಸನಗಳನ್ನು ಲಿಪಿಯಿಂದ, ನಾಣ್ಯಗಳನ್ನು ತೂಕ ಮತ್ತು ಲಾಂಛನಗಳಿಂದ, ಮಡಕೆಯ ಚೂರುಗಳನ್ನು ಬಣ್ಣ ಮತ್ತು ಆಕಾರಗಳಿಂದ, ದೇವಾಲಯಗಳನ್ನು ಶೈಲಿಯಿಂದ ವಿಂಗಡಿಸಿದ ಮೇಲೆಯೇ ಅವನ ನಿಜವಾದ ಕಾರ್ಯವು ಆರಂಭವಾಗುತ್ತದೆ. ಈ ವಿಂಗಡಣೆಯಲ್ಲಿ ಯಾವ ವಸ್ತು ಯಾವ ಗುಂಪಿಗೆ ಸೇರಿತೆಂಬುದನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಅದಕ್ಕಿಂತಲೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಗುಂಪುಗಳು ಒಟ್ಟು ಎಷ್ಟು? ಮೂರು ಎಂದೋ ಐದು ಎಂದೋ ಏಳು ಎಂದೋ ನಾವು ಹೇಳುವಾಗ, ಆ ಸಂಖ್ಯೆಯು ನಮ್ಮ ಮುಂದಿರುವ ಸಾಮಗ್ರಿಯಿಂದ ಹುಟ್ಟಿದುದೋ, ಅಥವಾ ವಿಂಗಡಿಸುವವನ ಮನಸ್ಸಿನಿಂದ ಬಂದು ಸಾಮಗ್ರಿಯ ಮೇಲೆ ಕುಳಿತುದೋ?

ಈ ಪ್ರಶ್ನೆಗೆ ಅಳತೆಯ ಮೂಲಕ ಉತ್ತರವನ್ನು ಕಂಡುಕೊಳ್ಳಲು ಸಂಖ್ಯಾಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದಲ್ಲಿ ಹಲವು ಮಾನಗಳನ್ನು ರೂಪಿಸಿದರು. ಅವರು ಗುಂಪನ್ನು ಗುಚ್ಛವೆಂದೂ ಗುಂಪುಗೂಡಿಸುವ ಕ್ರಮವನ್ನು ಗುಚ್ಛ ವಿಶ್ಲೇಷಣೆಯೆಂದೂ ಕರೆಯುತ್ತಾರೆ. ಈ ಮಾನಗಳ ಚರಿತ್ರೆಯು ಗಣಿತದ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿಯುವುದು ಸರಿಯಲ್ಲ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯವು ಭಾರತದಲ್ಲಿಯೇ, ಭಾರತದ ಜನರನ್ನು ವಿಂಗಡಿಸುವ ಪ್ರಯತ್ನದಲ್ಲಿಯೇ ನಡೆದಿದೆ. ಅದರಲ್ಲಿ ಕನ್ನಡನಾಡಿನಲ್ಲಿ ಜನಿಸಿದ ವಿದ್ವಾಂಸರೊಬ್ಬರ ಪಾತ್ರವೂ ಇದೆ. ಈ ಪ್ರಬಂಧದಲ್ಲಿ ನಾವು ಪ್ರತಿಪಾದಿಸಲಿರುವುದು ಇಷ್ಟು: ಗುಂಪುಗಳೆಷ್ಟು ಎಂಬ ಪ್ರಶ್ನೆಗೆ 'ಒಂದೇ' ಎಂಬ ಉತ್ತರವನ್ನು, ಎಂದರೆ ಇಲ್ಲಿ ಒಡಕೇ ಇಲ್ಲವೆಂಬ ಉತ್ತರವನ್ನು, ಕೊಡಲು ಅವಕಾಶವಿಲ್ಲದ ಯಾವ ಕ್ರಮವೂ ಪೂರ್ಣವಾದ ಪರೀಕ್ಷೆಯಾಗಲಾರದು. ಅದು ವಿಂಗಡಣೆ ಮಾತ್ರ.

೨. ಅಳತೆಯಿದ್ದೂ ಪರೀಕ್ಷೆಯಿಲ್ಲದ ಕಾಲ

೧೯೦೧ರ ಭಾರತೀಯ ಜನಗಣತಿಯ ಕಮಿಷನರಾಗಿದ್ದ ಹರ್ಬರ್ಟ್ ರಿಸ್ಲೆಯವರು ಅದಕ್ಕೂ ಮೊದಲೇ ಬಂಗಾಳದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ತಮ್ಮ ಗ್ರಂಥಕ್ಕಾಗಿ ಸಹಸ್ರಾರು ಜನರ ತಲೆ, ಮೂಗು ಮತ್ತು ಎತ್ತರಗಳನ್ನು ಅಳೆಯಿಸಿದ್ದರು. ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಅದರ ಉದ್ದದಿಂದ ಭಾಗಿಸಿದಾಗ ದೊರೆಯುವ 'ನಾಸಿಕ ಸೂಚ್ಯಂಕ'ದ ಮೇಲೆ ಅವರಿಗೆ ವಿಶೇಷವಾದ ನಂಬಿಕೆಯಿತ್ತು. ಮೂಗು ಅಗಲವಾದಷ್ಟೂ ಜಾತಿಯ ಸಾಮಾಜಿಕ ಸ್ಥಾನವು ಕೆಳಗಿರುತ್ತದೆ ಎಂಬುದು ಅವರ ಪ್ರಸಿದ್ಧವಾದ, ಮತ್ತು ಇಂದು ಸಂಪೂರ್ಣವಾಗಿ ತ್ಯಕ್ತವಾದ, ವಾದವಾಗಿತ್ತು. ೧೯೦೮ರಲ್ಲಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಗ್ರಂಥದಲ್ಲಿ ಅವರು ಭಾರತದ ಜನರನ್ನು ಏಳು ವರ್ಗಗಳಾಗಿ ವಿಭಾಗಿಸಿದರು: ತುರ್ಕೋ-ಇರಾನಿ, ಇಂಡೋ-ಆರ್ಯ, ಸಿಥೋ-ದ್ರಾವಿಡ, ಆರ್ಯೋ-ದ್ರಾವಿಡ, ಮಂಗೋಲೋ-ದ್ರಾವಿಡ, ಮಂಗೋಲಾಯ್ಡ್ ಮತ್ತು ದ್ರಾವಿಡ.

ಈ ಏಳರಲ್ಲಿ ಮೂರನೆಯದು ನಮ್ಮ ನಾಡಿಗೂ ಸಂಬಂಧಿಸಿದೆ. ಮರಾಠಾ ಬ್ರಾಹ್ಮಣರು, ಕುಣಬಿಗಳು ಮತ್ತು ಕೊಡಗರನ್ನು ರಿಸ್ಲೆಯವರು ಒಂದೇ ಸಿಥೋ-ದ್ರಾವಿಡ ವರ್ಗಕ್ಕೆ ಸೇರಿಸಿದರು. ಇವರ ತಲೆಯ ಅಗಲಕ್ಕೆ ಪ್ರಾಚೀನ ಶಕರ ಮಿಶ್ರಣವೇ ಕಾರಣವೆಂದು ಅವರು ಊಹಿಸಿದರು. ಶಕರು ಕೊಡಗಿನವರೆಗೆ ಬಂದು ನೆಲೆಸಿದರೆಂಬುದಕ್ಕೆ ಶಾಸನದ ಆಧಾರವಾಗಲಿ ಗ್ರಂಥಾಧಾರವಾಗಲಿ ಇಲ್ಲವೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಮೊದಲು ಒಂದು ಗುಂಪನ್ನು ಕಲ್ಪಿಸಿ, ಬಳಿಕ ಅದಕ್ಕೆ ಹೆಸರನ್ನಿಟ್ಟು, ಕೊನೆಗೆ ಆ ಹೆಸರಿಗೆ ಹೊಂದುವ ಚರಿತ್ರೆಯನ್ನು ಹುಡುಕುವ ಕ್ರಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ರಿಸ್ಲೆಯವರಲ್ಲಿ ಅಳತೆಗಳಿಗೆ ಕೊರತೆಯಿರಲಿಲ್ಲ. ಆದರೆ ವರ್ಗಗಳು ಏಳೇ ಏಕೆ, ಐದೇಕಲ್ಲ, ಒಂಬತ್ತೇಕಲ್ಲ ಎಂಬ ಪ್ರಶ್ನೆಗೆ ಆ ಅಳತೆಗಳಿಂದ ಉತ್ತರವನ್ನು ಪಡೆಯುವ ಸಾಧನವು ಅವರ ಬಳಿ ಇರಲಿಲ್ಲ. ಏಳೆಂಬುದು ಅವರ ತೀರ್ಮಾನವಾಗಿತ್ತೇ ಹೊರತು ಅಳತೆಯ ಫಲಿತಾಂಶವಾಗಿರಲಿಲ್ಲ. ಆದರೂ ಅಂಕಿಗಳ ನೆರಳಿನಲ್ಲಿ ಬಂದುದರಿಂದ ಅದಕ್ಕೆ ಶಾಸ್ತ್ರದ ಗೌರವವು ಲಭಿಸಿತು. ಅನೇಕ ಪಠ್ಯಪುಸ್ತಕಗಳು ಅದನ್ನು ಬಹುಕಾಲ ಪುನರುಚ್ಚರಿಸುತ್ತ ಬಂದವು. ೧೯೦೧ರ ಜನಗಣತಿಯಲ್ಲಿ ಜಾತಿಗಳನ್ನು ಸಾಮಾಜಿಕ ತರತಮದಂತೆ ಪಟ್ಟಿಮಾಡಹೊರಟಾಗ ತಮ್ಮ ಸ್ಥಾನವನ್ನು ಮೇಲಕ್ಕೇರಿಸಬೇಕೆಂದು ಕೋರಿ ಹಲವು ಜಾತಿಗಳವರು ಸರಕಾರಕ್ಕೆ ಮನವಿಗಳನ್ನು ಸಲ್ಲಿಸಿದರು. ವರ್ಗೀಕರಣವು ಕಾಗದದ ಮೇಲಿನ ಕೆಲಸವಾಗಿ ಮಾತ್ರ ಉಳಿಯುವುದಿಲ್ಲ. ವಿಂಗಡಿಸಲ್ಪಟ್ಟವರು ಆ ವಿಂಗಡಣೆಯೊಡನೆ ಬಾಳಬೇಕಾಗುತ್ತದೆ.

ರಿಸ್ಲೆಯವರ ವಾದವನ್ನು ಮುಂದಿನವರು ವಿಮರ್ಶಿಸದೆ ಬಿಡಲಿಲ್ಲ. ಜಿ. ಎಸ್. ಘುರ್ಯೆಯವರು ೧೯೩೨ರಲ್ಲಿ ಅವೇ ಬಗೆಯ ಅಳತೆಗಳನ್ನು ಮತ್ತೆ ಪರಿಶೀಲಿಸಿ, ಜಾತಿಯ ತರತಮಕ್ಕೂ ಮೂಗಿನ ಅಳತೆಗೂ ಇದೆಯೆಂದು ಹೇಳಲಾದ ಸಂಬಂಧವು ಇಡೀ ದೇಶಕ್ಕೆ ಅನ್ವಯಿಸುವುದಿಲ್ಲವೆಂದು ತೋರಿಸಿದರು. ಬಿ. ಎಸ್. ಗುಹಾ ಅವರು ೧೯೩೧ರ ಜನಗಣತಿಗಾಗಿ ಹೊಸದಾಗಿ ಮಾಪನಗಳನ್ನು ಕೈಕೊಂಡು, ಮುಂದೆ ಅವುಗಳ ಆಧಾರದ ಮೇಲೆ ಆರು ಮುಖ್ಯ ವರ್ಗಗಳನ್ನು ಹೇಳಿದರು. ಏಳು ಹೋಗಿ ಆರು ಬಂದಿತು. ಆದರೆ ಆ ಆರನ್ನು ಕೂಡ ಪರೀಕ್ಷಿಸಿ ನೋಡುವ ಮಾನವು ಇನ್ನೂ ಬಳಕೆಗೆ ಬಂದಿರಲಿಲ್ಲ.

೩. ದೂರದ ಮಾನ: ಮಹಲನೋಬಿಸ್ ಮತ್ತು ರಾವ್

ಗುಂಪುಗಳೆಷ್ಟೆಂದು ಕೇಳುವ ಮುನ್ನ ಎರಡು ವಸ್ತುಗಳ, ಅಥವಾ ಎರಡು ಸಮುದಾಯಗಳ, ನಡುವಿನ ಅಂತರವನ್ನು ಅಳೆಯುವ ಕ್ರಮವೊಂದು ಬೇಕು. ೧೯೨೦ರಲ್ಲಿ ನಾಗಪುರದಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಸಂದರ್ಭದಲ್ಲಿ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಅನ್ನಂಡೇಲ್ ಅವರು ಕಲಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹಮಾಪನದ ಅಂಕಿಗಳನ್ನು ವಿಶ್ಲೇಷಿಸುವಂತೆ ಭೌತಶಾಸ್ತ್ರದ ತರುಣ ಅಧ್ಯಾಪಕರಾಗಿದ್ದ ಪ್ರಶಾಂತಚಂದ್ರ ಮಹಲನೋಬಿಸರನ್ನು ಕೇಳಿಕೊಂಡರು. ಅಲ್ಲಿಂದ ಆರಂಭವಾದ ಅವರ ವಿಚಾರವು ೧೯೩೬ರಲ್ಲಿ 'ಸಾಮಾನ್ಯೀಕೃತ ದೂರ'ವೆಂಬ ಮಾನದಲ್ಲಿ ಪರ್ಯವಸಾನವಾಯಿತು. ಈ ನಡುವೆ ೧೯೩೧ರಲ್ಲಿ ಅವರು ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನೂ ೧೯೩೩ರಲ್ಲಿ 'ಸಾಂಖ್ಯ' ಎಂಬ ಪತ್ರಿಕೆಯನ್ನೂ ಸ್ಥಾಪಿಸಿದರು. ಆ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ರಿಸ್ಲೆಯವರ ಬಂಗಾಳದ ಅಳತೆಗಳನ್ನು ಪುನಃಪರಿಶೀಲಿಸಿದ ಅವರ ಲೇಖನವು ಬಂದಿತು.

ಮಹಲನೋಬಿಸರ ಮಾನದ ವೈಶಿಷ್ಟ್ಯವನ್ನು ಸುಲಭವಾಗಿ ಹೀಗೆ ಹೇಳಬಹುದು. ಮನುಷ್ಯನ ಎತ್ತರವನ್ನೂ ಕಾಲಿನ ಉದ್ದವನ್ನೂ ಅಳೆದೆವೆನ್ನೋಣ. ಎತ್ತರವಾದವನ ಕಾಲು ಸಾಮಾನ್ಯವಾಗಿ ಉದ್ದವಾಗಿಯೇ ಇರುವುದರಿಂದ ಎರಡನೆಯ ಅಳತೆಯು ಬಹುಮಟ್ಟಿಗೆ ಮೊದಲನೆಯದನ್ನೇ ಮತ್ತೆ ಹೇಳುತ್ತದೆ. ಎರಡನ್ನೂ ಪ್ರತ್ಯೇಕವೆಂದು ಭಾವಿಸಿ ಕೂಡಿಸಿದರೆ ಒಂದೇ ವ್ಯತ್ಯಾಸವನ್ನು ಎರಡು ಸಾರಿ ಎಣಿಸಿದಂತಾಗುತ್ತದೆ. ಸಾಮಾನ್ಯೀಕೃತ ದೂರವು ಅಳತೆಗಳ ನಡುವಣ ಇಂಥ ಪರಸ್ಪರ ಸಂಬಂಧವನ್ನೂ ಪ್ರತಿಯೊಂದು ಅಳತೆಯ ಸಹಜವಾದ ಏರುಪೇರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಂತರವನ್ನು ನಿರ್ಧರಿಸುತ್ತದೆ. ಇದರ ವರ್ಗವನ್ನು 'ಡಿ-ವರ್ಗ'ವೆಂದು ಕರೆಯೋಣ.

ಈ ಮಾನವನ್ನು ವಿಶಾಲವಾಗಿ ಪ್ರಯೋಗಿಸಿದುದು ಸಂಯುಕ್ತ ಪ್ರಾಂತದಲ್ಲಿ, ಎಂದರೆ ಇಂದಿನ ಉತ್ತರ ಪ್ರದೇಶ ಮತ್ತು ಉತ್ತರಾಖಂಡಗಳ ಪ್ರದೇಶದಲ್ಲಿ, ೧೯೪೧ರಲ್ಲಿ ನಡೆದ ದೇಹಮಾಪನದ ಅಂಕಿಗಳ ಮೇಲೆ. ಅಳತೆಗಳನ್ನು ತೆಗೆದವರು ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರ್. ವಿಶ್ಲೇಷಣೆಯಲ್ಲಿ ಮಹಲನೋಬಿಸರ ಜೊತೆಗಾರರಾದವರು ಸಿ. ಆರ್. ರಾವ್. ಕಲ್ಯಂಪೂಡಿ ರಾಧಾಕೃಷ್ಣ ರಾವ್ ಅವರು ೧೯೨೦ರ ಸೆಪ್ಟೆಂಬರ್ ೧೦ರಂದು, ಅಂದು ಮದ್ರಾಸ್ ಅಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬವೊಂದರಲ್ಲಿ ಜನಿಸಿದರು. ೧೯೪೧ರಲ್ಲಿ ಅವರು ಕಲಕತ್ತೆಯ ಸಂಸ್ಥೆಯನ್ನು ಸೇರಿದರು. ೧೯೪೬ರಲ್ಲಿ ಕೇಂಬ್ರಿಜ್‌ಗೆ ತೆರಳಿ, ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಉತ್ಖನನದಿಂದ ದೊರೆತ ಪ್ರಾಚೀನ ಮಾನವರ ಅಸ್ಥಿಗಳ ಅಳತೆಗಳನ್ನು ಇದೇ ಕ್ರಮದಿಂದ ವಿಶ್ಲೇಷಿಸುವ ಕಾರ್ಯದಲ್ಲಿ ತೊಡಗಿದರು. ಸಂಯುಕ್ತ ಪ್ರಾಂತದ ಅಧ್ಯಯನವು ೧೯೪೯ರಲ್ಲಿ 'ಸಾಂಖ್ಯ'ದಲ್ಲಿ ಪ್ರಕಟವಾಯಿತು. ರಾವ್ ಅವರು ೨೦೨೩ರಲ್ಲಿ ನಿಧನರಾದರು.

ಪ್ರಕೃತ ವಿಷಯಕ್ಕೆ ಮುಖ್ಯವಾದುದು ರಾವ್ ಅವರು ೧೯೫೨ರ ತಮ್ಮ ಗ್ರಂಥದಲ್ಲಿ ವಿವರಿಸಿದ ಗುಂಪುಗೂಡಿಸುವ ಕ್ರಮ. ಇದನ್ನು ಸೂಚಿಸಿದವರು ಕೆ. ಡಿ. ಟೋಚರ್. ಮೊದಲು ಅತ್ಯಂತ ಸಮೀಪದಲ್ಲಿರುವ ಎರಡು ಸಮುದಾಯಗಳನ್ನು ತೆಗೆದುಕೊಳ್ಳಬೇಕು. ಅವೆರಡಕ್ಕೂ ಸರಾಸರಿಯಲ್ಲಿ ಹತ್ತಿರವಿರುವ ಮೂರನೆಯದನ್ನು ಸೇರಿಸಬೇಕು, ಬಳಿಕ ನಾಲ್ಕನೆಯದನ್ನು. ಹೀಗೆ ಸೇರಿಸುತ್ತ ಹೋಗುವಾಗ ಯಾವ ಹಂತದಲ್ಲಿ ಸರಾಸರಿ ಡಿ-ವರ್ಗವು ಥಟ್ಟನೆ ಏರುತ್ತದೆಯೋ ಅಲ್ಲಿ ನಿಲ್ಲಿಸಿ, ಉಳಿದವುಗಳಿಂದ ಹೊಸ ಗುಂಪನ್ನು ಆರಂಭಿಸಬೇಕು. ಗುಂಪುಗಳ ಸಂಖ್ಯೆಯನ್ನು ಇಲ್ಲಿ ಮೊದಲೇ ನಿಶ್ಚಯಿಸಿಕೊಳ್ಳುವುದಿಲ್ಲ. ಅದು ಕಡೆಯಲ್ಲಿ ತಾನಾಗಿ ದೊರೆಯುತ್ತದೆ. ಗುಚ್ಛವೆಂಬುದಕ್ಕೆ ನಿಷ್ಕೃಷ್ಟವಾದ ಲಕ್ಷಣವಿಲ್ಲವೆಂದೂ, ಒಂದೇ ಗುಚ್ಛದೊಳಗಿನ ಅಂತರಗಳು ಬೇರೆ ಬೇರೆ ಗುಚ್ಛಗಳ ನಡುವಣ ಅಂತರಗಳಿಗಿಂತ ಸರಾಸರಿಯಲ್ಲಾದರೂ ಕಡಮೆಯಿರಬೇಕೆಂಬುದಷ್ಟೇ ಅದರ ಗುರುತೆಂದೂ ರಾವ್ ಅವರು ಸ್ಪಷ್ಟಪಡಿಸಿದರು. ಏಳೆಂದು ಘೋಷಿಸಿದವರ ಧೈರ್ಯಕ್ಕಿಂತ ಈ ಸಂಯಮವೇ ಶಾಸ್ತ್ರಕ್ಕೆ ಹೆಚ್ಚು ಉಪಕಾರಮಾಡಿತೆಂದು ನಾವು ಭಾವಿಸುತ್ತೇವೆ. ಭತ್ತ, ಜೋಳ, ರಾಗಿ ಮೊದಲಾದ ಬೆಳೆಗಳ ತಳಿಗಳನ್ನು ವಿಂಗಡಿಸುವುದಕ್ಕೆ ನಮ್ಮ ದೇಶದ ಕೃಷಿ ಸಂಶೋಧಕರು ಡಿ-ವರ್ಗವನ್ನೂ ಟೋಚರ್ ಕ್ರಮವನ್ನೂ ಮುಂದೆ ವಿಪುಲವಾಗಿ ಬಳಸಿಕೊಂಡಿದ್ದಾರೆ.

೪. ಮೊಣಕೈಯಿಂದ ಸೂಚ್ಯಂಕಗಳವರೆಗೆ

'ಥಟ್ಟನೆ ಏರುವ' ಹಂತವನ್ನು ಹುಡುಕುವ ಈ ವಿಚಾರವೇ ಅಮೆರಿಕದಲ್ಲಿ ಬೇರೊಂದು ರೂಪದಿಂದ ಕಾಣಿಸಿಕೊಂಡಿತು. ೧೯೫೩ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಥಾರ್ನ್‌ಡೈಕ್ ಅವರು ಗುಂಪುಗಳ ಸಂಖ್ಯೆಯನ್ನು ಒಂದೊಂದಾಗಿ ಹೆಚ್ಚಿಸುತ್ತ, ಪ್ರತಿ ಸಾರಿಯೂ ಗುಂಪುಗಳೊಳಗಿನ ಸರಾಸರಿ ಅಂತರವನ್ನು ರೇಖಾಚಿತ್ರದಲ್ಲಿ ಗುರುತಿಸುವ ಉಪಾಯವನ್ನು ಸೂಚಿಸಿದರು. ಗುಂಪುಗಳು ಹೆಚ್ಚಿದಂತೆಲ್ಲ ಒಳಗಿನ ಅಂತರವು ತಗ್ಗುತ್ತಲೇ ಹೋಗುತ್ತದೆ. ಪ್ರತಿಯೊಂದು ವಸ್ತುವೂ ತಾನೇ ಒಂದು ಗುಂಪಾದಾಗ ಅದು ಸೊನ್ನೆಯಾಗುತ್ತದೆ. ಆದುದರಿಂದ ಅತ್ಯಂತ ಕಡಮೆಯಾದ ಅಂತರವನ್ನು ಹುಡುಕಿ ಪ್ರಯೋಜನವಿಲ್ಲ. ರೇಖೆಯು ಕಡಿದಾಗಿ ಇಳಿದು ಎಲ್ಲಿ ಬಾಗಿ ಚಪ್ಪಟೆಯಾಗುತ್ತದೆಯೋ ಅಲ್ಲಿನ ಸಂಖ್ಯೆಯನ್ನು ಆರಿಸಬೇಕು. ಬಾಗಿದ ತೋಳನ್ನು ಹೋಲುವ ಈ ಸ್ಥಾನಕ್ಕೆ 'ಮೊಣಕೈ' ಎಂಬ ಹೆಸರು ರೂಢಿಗೆ ಬಂದಿದೆ.

ಮಾತನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ನಿಧಿಯಲ್ಲಿ ದೊರೆತ ಆರು ನಾಣ್ಯಗಳ ತೂಕವು ಯಾವುದೋ ಒಂದು ಮಾನದಲ್ಲಿ ೨, ೩, ೪, ೧೦, ೧೧, ೧೨ ಆಗಿದೆಯೆನ್ನೋಣ. ಎಲ್ಲವೂ ಒಂದೇ ಗುಂಪೆಂದರೆ ಸರಾಸರಿ ೭. ಪ್ರತಿಯೊಂದು ತೂಕಕ್ಕೂ ಸರಾಸರಿಗೂ ಇರುವ ವ್ಯತ್ಯಾಸವನ್ನು ವರ್ಗೀಕರಿಸಿ ಕೂಡಿಸಿದರೆ ೧೦೦ ಬರುತ್ತದೆ. ಇದನ್ನು 'ಒಳಚದುರು' ಎಂದು ಕರೆಯೋಣ. ಹಗುರವಾದ ಮೂರನ್ನೂ ಭಾರವಾದ ಮೂರನ್ನೂ ಬೇರ್ಪಡಿಸಿ ಎರಡು ಗುಂಪುಮಾಡಿದರೆ ಒಳಚದುರು ೪ಕ್ಕೆ ಇಳಿಯುತ್ತದೆ. ಮೂರು ಗುಂಪಾದರೆ ೨.೫, ನಾಲ್ಕಾದರೆ ೧, ಐದಾದರೆ ೦.೫. ನೂರರಿಂದ ನಾಲ್ಕಕ್ಕೆ ಬಿದ್ದ ಮೇಲೆ ಮುಂದಿನ ಇಳಿತಗಳು ಅತ್ಯಲ್ಪ. ಮೊಣಕೈ ಎರಡರಲ್ಲಿದೆ. ಎರಡು ಬಗೆಯ ನಾಣ್ಯಗಳಿದ್ದುವೆಂದು ಹೇಳಲು ಯಾರೂ ಹಿಂಜರಿಯಲಾರರು.

ಇನ್ನೊಂದು ನಿಧಿಯ ನಾಣ್ಯಗಳು ೨, ೪, ೬, ೮, ೧೦, ೧೨ ತೂಗುತ್ತವೆಯೆನ್ನೋಣ. ಇಲ್ಲಿ ಎಲ್ಲಿಯೂ ಒಡಕಿಲ್ಲ. ಮೆಟ್ಟಿಲುಗಳಂತೆ ಸಮಾನವಾದ ಅಂತರವಿದೆ. ಆದರೂ ಒಂದೇ ಗುಂಪೆಂದಾಗ ೭೦ ಇದ್ದ ಒಳಚದುರು ಎರಡು ಗುಂಪಾದಾಗ ೧೬ಕ್ಕೂ ಮೂರಾದಾಗ ೬ಕ್ಕೂ ನಾಲ್ಕಾದಾಗ ೪ಕ್ಕೂ ಇಳಿಯುತ್ತದೆ. ರೇಖೆಯನ್ನು ಎಳೆದು ನೋಡಿದವನಿಗೆ ಇಲ್ಲಿಯೂ ಎರಡರ ಬಳಿ ಮೊಣಕೈ ಕಾಣಿಸದಿರದು. ಒಡಕೇ ಇಲ್ಲದ ಕಡೆಯಲ್ಲಿಯೂ ಕಣ್ಣಿಗೆ ಗುಂಪು ಕಾಣುವುದೆಂಬುದೇ ಈ ಕ್ರಮದ ಮುಖ್ಯವಾದ ದೋಷ.

ಕಣ್ಣಂದಾಜನ್ನು ಬಿಟ್ಟು ಸೂತ್ರವನ್ನು ರಚಿಸುವ ಪ್ರಯತ್ನಗಳು ಮುಂದೆ ನಡೆದುವು. ಪೋಲೆಂಡಿನ ಹ್ಯೂಗೊ ಸ್ಟೈನ್‌ಹೌಸ್ ೧೯೫೬ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯ ಸ್ಟುವರ್ಟ್ ಲಾಯ್ಡ್ ೧೯೫೭ರಲ್ಲಿ, ಒಳಚದುರು ಕನಿಷ್ಠವಾಗುವಂತೆ ವಸ್ತುಗಳನ್ನು ಹಂಚುವ ಕ್ರಮಗಳನ್ನು ಯೋಚಿಸಿದ್ದರು. ಜೇಮ್ಸ್ ಮ್ಯಾಕ್ವೀನ್ ೧೯೬೭ರಲ್ಲಿ ಇಂಥ ಕ್ರಮಕ್ಕೆ 'ಕೆ-ಮೀನ್ಸ್' ಎಂಬ ಹೆಸರನ್ನು ಕೊಟ್ಟರು. ಇಲ್ಲಿ 'ಕೆ' ಎಂದರೆ ಗುಂಪುಗಳ ಸಂಖ್ಯೆ. ಅದನ್ನು ಬಳಸುವವನೇ ಮೊದಲು ಹೇಳಬೇಕು. ಗಣಕಯಂತ್ರಗಳು ಬಳಕೆಗೆ ಬಂದಮೇಲೆ ಈ ಕ್ರಮವು ಎಲ್ಲೆಡೆ ಹಬ್ಬಿತು. ಕೆ ಎಷ್ಟಿರಬೇಕೆಂಬ ಪ್ರಶ್ನೆಯು ಅದರೊಡನೆ ತೀವ್ರವಾಯಿತು.

೧೯೭೪ರಲ್ಲಿ ಪೋಲೆಂಡಿನ ಕಾಲಿನ್‌ಸ್ಕಿ ಮತ್ತು ಹರಾಬಾಷ್ ಅವರು ಗುಂಪುಗಳ ನಡುವಣ ಚದುರುವಿಕೆಯನ್ನು ಒಳಚದುರಿನೊಡನೆ ಹೋಲಿಸಿ, ಗುಂಪುಗಳು ಹೆಚ್ಚಾದುದಕ್ಕೆ ತಕ್ಕ ಕಡಿತವನ್ನು ಮಾಡುವ ಸೂಚ್ಯಂಕವನ್ನು ಕೊಟ್ಟರು. ಅದು ಗರಿಷ್ಠವಾಗುವ ಸಂಖ್ಯೆಯೇ ಯೋಗ್ಯವಾದ ಸಂಖ್ಯೆ. ಅದೇ ದಶಕದಲ್ಲಿ ಡನ್ ಅವರ ಸೂಚ್ಯಂಕವೂ, ೧೯೭೯ರಲ್ಲಿ ಡೇವಿಸ್ ಮತ್ತು ಬೋಲ್ಡಿನ್ ಅವರ ಸೂಚ್ಯಂಕವೂ ಬಂದುವು. ೧೯೮೫ರಲ್ಲಿ ಮಿಲಿಗನ್ ಮತ್ತು ಕೂಪರ್ ಅವರು ಇಂಥ ಮೂವತ್ತು ನಿಯಮಗಳನ್ನು ಒಟ್ಟುಗೂಡಿಸಿ, ಗುಂಪುಗಳ ಸಂಖ್ಯೆ ಮೊದಲೇ ಗೊತ್ತಿರುವಂತೆ ರಚಿಸಿದ ಕೃತಕ ಅಂಕಿಗಳ ಮೇಲೆ ಪರೀಕ್ಷಿಸಿದರು. ಕಾಲಿನ್‌ಸ್ಕಿ ಮತ್ತು ಹರಾಬಾಷ್ ಅವರ ಸೂಚ್ಯಂಕವು ಮೊದಲ ಸ್ಥಾನವನ್ನು ಪಡೆಯಿತು. ಆದರೆ ಆ ಪರೀಕ್ಷೆಯ ಅಂಕಿಗಳಲ್ಲಿ ಎರಡರಿಂದ ಐದರವರೆಗೆ ಸ್ಪಷ್ಟವಾಗಿ ಬೇರ್ಪಟ್ಟ ಗುಂಪುಗಳಿದ್ದುವೆಂಬುದನ್ನು ಮರೆಯಬಾರದು.

ಆ ಸೂಚ್ಯಂಕವನ್ನು ನಮ್ಮ ಎರಡು ನಿಧಿಗಳಿಗೆ ಅನ್ವಯಿಸಿ ನೋಡೋಣ. ಮೊದಲ ನಿಧಿಗೆ ಎರಡು ಗುಂಪಿನಲ್ಲಿ ೯೬, ಮೂರರಲ್ಲಿ ೫೮.೫, ನಾಲ್ಕರಲ್ಲಿ ೬೬ ಬರುತ್ತದೆ, ಆದುದರಿಂದ ಎರಡು. ಇದು ಸರಿಯಾಗಿದೆ. ಎರಡನೆಯ ನಿಧಿಗೆ ಎರಡು ಗುಂಪಿನಲ್ಲಿ ೧೩.೫, ಮೂರರಲ್ಲಿ ೧೬, ನಾಲ್ಕರಲ್ಲಿ ೧೧ ಬರುತ್ತದೆ, ಆದುದರಿಂದ ಮೂರು! ಯಾವ ಒಡಕೂ ಇಲ್ಲದ ಸಾಲಿನಲ್ಲಿ ಕಣ್ಣು ಎರಡನ್ನು ಕಂಡರೆ ಸೂತ್ರವು ಮೂರನ್ನು ಕಂಡಿತು. ಇದಕ್ಕೆ ಕಾರಣವು ಸರಳವಾಗಿದೆ. ಒಂದೇ ಗುಂಪೆಂದಾಗ ಗುಂಪುಗಳ ನಡುವಣ ಅಂತರವೆಂಬುದೇ ಇರುವುದಿಲ್ಲವಾದ್ದರಿಂದ ಒಂದೆಂಬ ಸಂಖ್ಯೆಗೆ ಈ ಸೂಚ್ಯಂಕವನ್ನು ಲೆಕ್ಕಹಾಕುವುದೇ ಸಾಧ್ಯವಿಲ್ಲ. ಕೇಳಿದುದು ಎರಡೋ ಮೂರೋ ನಾಲ್ಕೋ ಎಂದು ಮಾತ್ರ. ಉತ್ತರವೂ ಅವುಗಳಲ್ಲಿ ಒಂದಾಗಿಯೇ ಬಂದಿತು.

೧೯೮೭ರಲ್ಲಿ ಬೆಲ್ಜಿಯಮ್ಮಿನ ಪೀಟರ್ ರೂಸೋ ಅವರು ರೂಪಿಸಿದ 'ಸಿಲ್ಹೂಯೆಟ್' ಎಂಬ ಮಾನವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರತಿಯೊಂದು ವಸ್ತುವಿಗೂ ಅದರ ಗುಂಪಿನ ಇತರರಿಂದ ಇರುವ ಸರಾಸರಿ ದೂರವನ್ನೂ, ಅತಿ ಸಮೀಪದ ಬೇರೆ ಗುಂಪಿನವರಿಂದ ಇರುವ ಸರಾಸರಿ ದೂರವನ್ನೂ ಹೋಲಿಸಿ, ಎರಡನೆಯದರಿಂದ ಮೊದಲನೆಯದನ್ನು ಕಳೆದು, ಬಂದುದನ್ನು ಅವೆರಡರಲ್ಲಿ ದೊಡ್ಡದರಿಂದ ಭಾಗಿಸಬೇಕು. ಫಲಿತಾಂಶವು ಋಣ ಒಂದರಿಂದ ಧನ ಒಂದರವರೆಗೆ ಇರುತ್ತದೆ. ಒಂದಕ್ಕೆ ಹತ್ತಿರವಾದರೆ ವಸ್ತುವು ತನ್ನ ಗುಂಪಿನಲ್ಲಿ ಭದ್ರವಾಗಿದೆ. ಸೊನ್ನೆಗೆ ಹತ್ತಿರವಾದರೆ ಎರಡರ ಗಡಿಯಲ್ಲಿದೆ. ಋಣವಾದರೆ ತಪ್ಪು ಗುಂಪಿಗೆ ಸೇರಿದೆ. ಎರಡೆರಡು ಗುಂಪುಮಾಡಿದಾಗ ಮೊದಲ ನಿಧಿಯಲ್ಲಿ ೪ ತೂಗುವ ನಾಣ್ಯಕ್ಕೆ ಈ ಮಾನವು ಸುಮಾರು ೦.೭೯, ಎರಡನೆಯ ನಿಧಿಯಲ್ಲಿ ೬ ತೂಗುವ ನಾಣ್ಯಕ್ಕೆ ೦.೨೫ ಮಾತ್ರ. ಎಲ್ಲ ವಸ್ತುಗಳ ಸರಾಸರಿಯು ೦.೨೫ನ್ನು ಮೀರದಿದ್ದರೆ ಗಣನೀಯವಾದ ರಚನೆ ಇಲ್ಲವೆಂದೂ, ೦.೭೦ನ್ನು ಮೀರಿದರೆ ಬಲವಾದ ರಚನೆ ಇದೆಯೆಂದೂ ಕೌಫ್‌ಮನ್ ಮತ್ತು ರೂಸೋ ಅವರು ೧೯೯೦ರ ತಮ್ಮ ಗ್ರಂಥದಲ್ಲಿ ಸ್ಥೂಲವಾದ ಮಾರ್ಗದರ್ಶನವನ್ನಿತ್ತರು. ಒಂದೆಂಬ ಸಂಖ್ಯೆಗೆ ಈ ಮಾನವನ್ನೂ ನೇರವಾಗಿ ಲೆಕ್ಕಹಾಕಲಾಗದು. ಆದರೆ ಒಡಕು ದುರ್ಬಲವಾಗಿರುವುದನ್ನು ಅದು ಮರೆಮಾಚುವುದಿಲ್ಲ.

೫. 'ಒಂದೇ' ಎನ್ನುವ ಅವಕಾಶ

೨೦೦೧ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟಿಬ್ಶಿರಾನಿ, ವಾಲ್ಥರ್ ಮತ್ತು ಹೇಸ್ಟಿ ಎಂಬ ಮೂವರು ವಿದ್ವಾಂಸರು 'ಗ್ಯಾಪ್' ಎಂಬ ಮಾನವನ್ನು ಪ್ರಕಟಿಸಿದರು. ಇದರ ತತ್ತ್ವವನ್ನು ನಮ್ಮ ಎರಡು ನಿಧಿಗಳಿಂದಲೇ ತಿಳಿಯಬಹುದು. ಒಳಚದುರು ಎಷ್ಟು ಇಳಿಯಿತೆಂದು ನೋಡಿದರೆ ಸಾಲದು. ಯಾವ ಗುಂಪೂ ಇಲ್ಲದೆ ಸಮವಾಗಿ ಹರಡಿದ ಅಂಕಿಗಳಲ್ಲಿ ಅದು ಎಷ್ಟು ಇಳಿಯುತ್ತಿತ್ತೋ ಅದಕ್ಕಿಂತ ಹೆಚ್ಚಾಗಿ ಇಳಿಯಿತೇ ಎಂದು ನೋಡಬೇಕು. ಮೊದಲ ನಿಧಿಯಲ್ಲಿ ಒಂದರಿಂದ ಎರಡಕ್ಕೆ ಹೋದಾಗ ಒಳಚದುರು ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯಿತು. ಸಮವಾಗಿ ಹರಡಿದ ಎರಡನೆಯ ನಿಧಿಯಲ್ಲಿ ಸುಮಾರು ನಾಲ್ಕೂವರೆಯಲ್ಲಿ ಒಂದು ಭಾಗಕ್ಕೆ ಮಾತ್ರ ಇಳಿಯಿತು. ಆದುದರಿಂದ ಮೊದಲನೆಯ ಇಳಿತವು ಅರ್ಥವುಳ್ಳದ್ದು. ಇನ್ನು ಎರಡರಿಂದ ಮೂರಕ್ಕೆ ಹೋದರೆ ಮೊದಲ ನಿಧಿಯಲ್ಲಿ ೪ರಿಂದ ೨.೫ಕ್ಕೆ, ಸಮನಿಧಿಯಲ್ಲಿ ೧೬ರಿಂದ ೬ಕ್ಕೆ ಇಳಿಯುತ್ತದೆ. ಮೊದಲನೆಯದರ ಲಾಭವು ಗುಂಪಿಲ್ಲದ ಅಂಕಿಗಳ ಲಾಭಕ್ಕಿಂತಲೂ ಕಡಮೆ. ಅಲ್ಲಿಗೆ ನಿಲ್ಲಿಸಬೇಕು. ನಾವು ಒಂದೇ ಸಮನಿಧಿಯನ್ನಿಟ್ಟುಕೊಂಡು ಹೋಲಿಸಿದೆವು. ಗ್ಯಾಪ್ ಕ್ರಮದಲ್ಲಿ ಗಣಕಯಂತ್ರದ ಸಹಾಯದಿಂದ ಅಂಥ ಹಲವು ಯಾದೃಚ್ಛಿಕ ಪಟ್ಟಿಗಳನ್ನು ತಯಾರಿಸಿ, ಅವುಗಳ ಸರಾಸರಿಯನ್ನೂ ಏರುಪೇರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹೋಲಿಕೆಯು ಒಂದೆಂಬ ಸಂಖ್ಯೆಯಿಂದಲೇ ಆರಂಭವಾಗುವುದರಿಂದ, ಒಡಕಿಲ್ಲದ ಕಡೆ 'ಒಂದೇ' ಎಂದು ಹೇಳುವ ಅವಕಾಶವು ಇಲ್ಲಿದೆ.

ಆದರೆ ಯಾವ ಮಾನವೂ ಸರ್ವಸಮರ್ಥವಲ್ಲ. ೨೦೦೨ರಲ್ಲಿ ಜಾನ್ ಕ್ಲೈನ್‌ಬರ್ಗ್ ಅವರು, ಗುಂಪುಗೂಡಿಸುವ ಕ್ರಮದಿಂದ ನಾವು ಸಹಜವಾಗಿ ನಿರೀಕ್ಷಿಸುವ ಮೂರು ಗುಣಗಳನ್ನು ಏಕಕಾಲದಲ್ಲಿ ಹೊಂದಿರುವ ಕ್ರಮವು ಇರಲಾರದೆಂದು ಗಣಿತದಿಂದ ಸಾಧಿಸಿ ತೋರಿಸಿದರು. ಮಾನದ ಉತ್ತರಕ್ಕೂ ಪ್ರಕೃತಿಯ ವರ್ಗಕ್ಕೂ ತಾಳೆಯಾಗಲೇಬೇಕೆಂಬ ನಿಯಮವೂ ಇಲ್ಲ. ಮಹಲನೋಬಿಸರ ಲೇಖನವು ಬಂದ ೧೯೩೬ರಲ್ಲಿಯೇ ರೊನಾಲ್ಡ್ ಫಿಶರ್ ಅವರು ಐರಿಸ್ ಹೂಗಳ ಮೂರು ಪ್ರಭೇದಗಳಿಂದ ಐವತ್ತೈವತ್ತರಂತೆ ೧೫೦ ಹೂಗಳ ಅಳತೆಗಳನ್ನು ಪ್ರಕಟಿಸಿದರು. ಅವುಗಳನ್ನು ಕೆ-ಮೀನ್ಸ್ ಕ್ರಮದಿಂದ ವಿಂಗಡಿಸಿದಾಗ ಸಿಲ್ಹೂಯೆಟ್ ಮಾನದ ಸರಾಸರಿಯು ಎರಡು ಗುಂಪಿಗೆ ಸುಮಾರು ೦.೬೮, ಮೂರಕ್ಕೆ ಸುಮಾರು ೦.೫೫. ಎಂದರೆ ಮಾನವು ಎರಡೆನ್ನುತ್ತದೆ, ಸಸ್ಯಶಾಸ್ತ್ರಜ್ಞರು ಮೂರೆನ್ನುತ್ತಾರೆ. ಇಬ್ಬರೂ ತಪ್ಪಿಲ್ಲ. ಎರಡು ಪ್ರಭೇದಗಳ ಅಳತೆಗಳು ಒಂದರೊಡನೊಂದು ಬೆರೆತಿರುವುದರಿಂದ, ಆ ನಾಲ್ಕು ಅಳತೆಗಳಿಗೆ ಗೋಚರವಾಗುವುದು ಎರಡೇ. ಮಾನವು ಉತ್ತರವೀಯುವುದು ಅಳೆದುದನ್ನು ಕುರಿತು ಮಾತ್ರ.

೬. ಮರಳಿ ಬಂದ ಪ್ರಶ್ನೆ

ಮೂಗು ಮತ್ತು ತಲೆಗಳ ಅಳತೆಯಿಂದ ಜನರನ್ನು ವಿಂಗಡಿಸುವ ಕಾಲವು ಕಳೆಯಿತು. ಆದರೆ ಎಷ್ಟು ಗುಂಪುಗಳೆಂಬ ಪ್ರಶ್ನೆಯು ಅನುವಂಶಿಕ ಧಾತುವಿನ ಅಧ್ಯಯನದ ಮೂಲಕ ಮರಳಿ ಬಂದಿದೆ. ೨೦೦೦ದಲ್ಲಿ ಪ್ರಿಚರ್ಡ್ ಮೊದಲಾದವರು ರಚಿಸಿದ 'ಸ್ಟ್ರಕ್ಚರ್' ಎಂಬ ಗಣಕ ಕ್ರಮದಲ್ಲಿಯೂ ಕೆ ಎಂಬ ಸಂಖ್ಯೆಯನ್ನು ಬಳಸುವವನೇ ಕೊಡಬೇಕು. ೨೦೦೨ರಲ್ಲಿ ರೋಸೆನ್‌ಬರ್ಗ್ ಮತ್ತು ಸಂಗಡಿಗರು ಜಗತ್ತಿನ ೫೨ ಸಮುದಾಯಗಳ ೧,೦೫೬ ವ್ಯಕ್ತಿಗಳನ್ನು ಹೀಗೆ ಪರಿಶೀಲಿಸಿದಾಗ, ಕೆ ಐದಾದರೆ ಗುಂಪುಗಳು ಬಹುಮಟ್ಟಿಗೆ ಭೂಖಂಡಗಳಿಗೆ ಹೊಂದುವುದು ಕಂಡಿತು. ಆರಾದರೆ ಆರನೆಯದು ಪಾಕಿಸ್ತಾನದ ಕಲಾಶ್ ಎಂಬ ಸಣ್ಣ ಜನಾಂಗಕ್ಕೆ ಹೊಂದಿತು. ಐದನ್ನು ಮಾತ್ರ ಎತ್ತಿಕೊಂಡು ಆರನ್ನು ಬಿಟ್ಟವರು ಹಳೆಯ ವರ್ಗಗಳಿಗೆ ಹೊಸ ಆಧಾರ ಸಿಕ್ಕಿತೆಂದು ಭಾವಿಸಿದರು. ಅದೇ ಲೇಖನವು ಒಟ್ಟು ವೈವಿಧ್ಯದಲ್ಲಿ ಶೇಕಡ ೯೩ರಿಂದ ೯೫ರಷ್ಟು ಒಂದೇ ಸಮುದಾಯದೊಳಗಿನ ವ್ಯಕ್ತಿಗಳ ನಡುವೆಯೇ ಇದೆಯೆಂದು ಹೇಳಿದುದನ್ನು ಅವರು ಗಮನಿಸಲಿಲ್ಲ.

ಕೆಯನ್ನು ಆರಿಸಲು ೨೦೦೫ರಲ್ಲಿ ಎವಾನೊ ಮತ್ತು ಸಂಗಡಿಗರು ಸೂಚಿಸಿದ ಮಾನವು ಬಹಳ ಬೇಗ ಜನಪ್ರಿಯವಾಯಿತು. ಪಕ್ಕದ ಸಂಖ್ಯೆಗಳೊಡನೆ ಹೋಲಿಸುವ ಕ್ರಮವಾದುದರಿಂದ ಒಂದೆಂಬ ಉತ್ತರವನ್ನು ಅದೂ ಕೊಡಲಾರದು. ಆ ಮಾನವನ್ನು ಅವಲಂಬಿಸಿದ ಅಧ್ಯಯನಗಳಲ್ಲಿ ಎರಡೆಂಬ ಉತ್ತರವೇ ಅತಿಯಾಗಿ ಬರುತ್ತಿರುವುದನ್ನು ೨೦೧೭ರಲ್ಲಿ ಜೇನ್ಸ್ ಮತ್ತು ಸಂಗಡಿಗರು ಎತ್ತಿ ತೋರಿಸಿ ಎಚ್ಚರಿಸಿದರು. ಎರಡನೆಯ ನಿಧಿಯ ಆರು ನಾಣ್ಯಗಳು ನಮಗೆ ಕಲಿಸಿದ ಪಾಠವೇ ಇಲ್ಲಿಯೂ ಕಾಣುತ್ತದೆ.

ಭಾರತದ ಜನರನ್ನು ಕುರಿತೂ ಹೊಸ ಸಂಖ್ಯೆಗಳು ಬಂದಿವೆ. 'ನೇಚರ್' ಪತ್ರಿಕೆಯಲ್ಲಿ ೨೦೦೯ರಲ್ಲಿ ಬಂದ ಅಧ್ಯಯನವು ೨೫ ಸಮುದಾಯಗಳನ್ನು ಪರಿಶೀಲಿಸಿ, ಭಾರತದ ಬಹುಪಾಲು ಜನರು ಎರಡು ಪ್ರಾಚೀನ ಜನಸಮೂಹಗಳ ಮಿಶ್ರಣವೆಂದು ಹೇಳಿತು. ೨೦೧೬ರಲ್ಲಿ ಬಸು, ಸರ್ಕಾರ್-ರಾಯ್ ಮತ್ತು ಮಜುಂದಾರ್ ಅವರ ಅಧ್ಯಯನವು ಮುಖ್ಯ ಭೂಭಾಗಕ್ಕೆ ನಾಲ್ಕು ಮೂಲಗಳನ್ನೂ ಅಂಡಮಾನಿಗೆ ಬೇರೊಂದನ್ನೂ ಹೇಳಿತು. ಇವು ಜನರನ್ನು ಬೇರೆ ಬೇರೆಯಾಗಿ ನಿಲ್ಲಿಸುವ ವರ್ಗಗಳಲ್ಲ. ಒಬ್ಬನೇ ವ್ಯಕ್ತಿಯಲ್ಲಿ ಬೆರೆತಿರುವ ಮೂಲಗಳ ಲೆಕ್ಕ. ಎರಡೆಂದವರೂ ನಾಲ್ಕೆಂದವರೂ ತಾವು ಯಾವ ಸಮುದಾಯಗಳನ್ನು ತೆಗೆದುಕೊಂಡೆವು, ಯಾವ ಮಾನವನ್ನು ಬಳಸಿದೆವು ಎಂಬುದನ್ನು ಬಹಿರಂಗಪಡಿಸಿದ್ದಾರೆ. ಬೇರೊಬ್ಬರು ಅದನ್ನು ಮರಳಿ ಪರೀಕ್ಷಿಸಬಹುದು. ರಿಸ್ಲೆಯವರ ಏಳಕ್ಕೂ ಇವಕ್ಕೂ ಇರುವ ಮುಖ್ಯ ವ್ಯತ್ಯಾಸವು ಇದೇ.

೭. ಉಪಸಂಹಾರ

ಇತಿಹಾಸದ ವಿದ್ಯಾರ್ಥಿಯು ಈ ಚರಿತ್ರೆಯಿಂದ ಕೆಲವು ವಿಧಿಗಳನ್ನು ಗ್ರಹಿಸಬಹುದು. ಮೊದಲನೆಯದಾಗಿ, ನಾಣ್ಯಗಳನ್ನಾಗಲಿ ಮಡಕೆಯ ಚೂರುಗಳನ್ನಾಗಲಿ ಗುಂಪುಗೂಡಿಸುವಾಗ 'ಒಡಕೇ ಇಲ್ಲ' ಎಂಬ ಸಾಧ್ಯತೆಯನ್ನು ಎಲ್ಲಕ್ಕಿಂತ ಮುಂಚೆ ಪರೀಕ್ಷಿಸಬೇಕು. ಎರಡನೆಯದಾಗಿ, ಏನನ್ನು ಅಳೆದೆವು, ಯಾವುದನ್ನು ಅಳೆಯದೆ ಬಿಟ್ಟೆವು ಎಂಬುದನ್ನು ಹೇಳಬೇಕು. ತೂಕವನ್ನು ಮಾತ್ರ ಅಳೆದವನು ಲಾಂಛನದ ಗುಂಪುಗಳನ್ನು ಕಾಣಲಾರನು. ಮೂರನೆಯದಾಗಿ, ಒಂದೇ ಮಾನವನ್ನು ನಂಬದೆ ಎರಡು ಮೂರನ್ನು ಪ್ರಯೋಗಿಸಿ, ಅವುಗಳ ಉತ್ತರಗಳು ಬೇರೆಯಾದರೆ ಆ ಭೇದವನ್ನೂ ಪ್ರಕಟಿಸಬೇಕು. ನಾಲ್ಕನೆಯದಾಗಿ, ಕೆಲವು ವಸ್ತುಗಳನ್ನು ಬಿಟ್ಟು ಮತ್ತೆ ವಿಂಗಡಿಸಿ, ಗುಂಪುಗಳು ಉಳಿಯುತ್ತವೆಯೇ ಎಂದು ನೋಡಬೇಕು. ಕೊನೆಯದಾಗಿ, ಗುಂಪು ಸ್ಥಿರವೆಂದು ತೋರಿದ ಮೇಲೆಯೇ ಅದಕ್ಕೆ ಹೆಸರನ್ನಿಡಬೇಕು. ಒಮ್ಮೆ ಇಟ್ಟ ಹೆಸರು ಗುಂಪು ಕರಗಿಹೋದ ಮೇಲೆಯೂ ಉಳಿದುಬಿಡುತ್ತದೆ. ಸಿಥೋ-ದ್ರಾವಿಡವೆಂಬ ಹೆಸರು ಹಾಗೆಯೇ ಹಲವು ಕಾಲ ಪುಸ್ತಕಗಳಲ್ಲಿ ಬಾಳಿತು.

ಕನ್ನಡನಾಡಿನ ಶಾಸನ, ನಾಣ್ಯ, ಶಿಲ್ಪ ಮತ್ತು ಪ್ರಾಗೈತಿಹಾಸಿಕ ಅವಶೇಷಗಳ ವಿಪುಲವಾದ ಸಾಮಗ್ರಿಯು ನಮ್ಮ ಮುಂದಿದೆ. ಅದರ ವರ್ಗೀಕರಣಗಳಲ್ಲಿ ಅನೇಕವು ಹಿಂದಿನ ವಿದ್ವಾಂಸರ ಸೂಕ್ಷ್ಮವಾದ ದೃಷ್ಟಿಯ ಫಲ. ಅವನ್ನು ನಾವು ಗೌರವಿಸಬೇಕು. ಆದರೆ ಅವರು ಹೇಳಿದ ಸಂಖ್ಯೆಗಳನ್ನು ಅಳತೆಯಿಂದ ಪರೀಕ್ಷಿಸಿ ನೋಡುವುದು ಅಗೌರವವಲ್ಲ. ಪರೀಕ್ಷೆಯಲ್ಲಿ ನಿಂತ ಗುಂಪುಗಳು ಇನ್ನಷ್ಟು ದೃಢವಾಗುವುವು. ನಿಲ್ಲದವುಗಳ ಸ್ಥಾನದಲ್ಲಿ ಹೊಸ ಪ್ರಶ್ನೆಗಳು ಏಳುವುವು. ಈ ಕಾರ್ಯಕ್ಕೆ ನಮ್ಮ ಕಾಲೇಜುಗಳ ಇತಿಹಾಸ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಒಟ್ಟಾಗಿ ಕೈಹಾಕುವರೆಂದು ಆಶಿಸುತ್ತೇವೆ.